ಕಾರಿನ ಎಸಿ ಫಿಲ್ಟರ್ ಮನೆಯಲ್ಲೇ ಬದಲಿಸಿಕೊಳ್ಳುವುದು ಹೇಗೆ?

"ಎಸಿ ಹಾಕಿದರೆ ಗಾಳಿ ಮೊದಲಿನಷ್ಟು ಬರುತ್ತಿಲ್ಲ, ಗ್ಯಾಸ್ ತುಂಬಿಸಬೇಕಾ?" ಓದುಗರಿಂದ ಈ ಪ್ರಶ್ನೆ ಬರುತ್ತಲೇ ಇರುತ್ತದೆ. ಗ್ಯಾಸ್ ಇಳಿದರೆ ಸಾಮಾನ್ಯವಾಗಿ ಮೊದಲು ಕಡಿಮೆಯಾಗುವುದು ತಂಪು, ಗಾಳಿಯಲ್ಲ. ಫ್ಯಾನ್ ಏರಿಸಿದಷ್ಟೂ ಸದ್ದು ಜೋರಾಗುತ್ತಿದೆ, ಮುಖಕ್ಕೆ ಬರುವ ಗಾಳಿ ಮಾತ್ರ ಅಷ್ಟಕ್ಕಷ್ಟೇ ಎನ್ನುವಂತಿದ್ದರೆ ಮೊದಲು ನೋಡಬೇಕಾದ್ದು ಡ್ಯಾಶ್‌ಬೋರ್ಡಿನ ಒಳಗೆ ಅಡಗಿರುವ ಒಂದು ಫಿಲ್ಟರನ್ನು. ಕೆಲವರು ಇದನ್ನು ಕ್ಯಾಬಿನ್ ಫಿಲ್ಟರ್ ಎನ್ನುತ್ತಾರೆ, ಕೆಲವರು ಎಸಿ ಫಿಲ್ಟರ್. ಡಬ್ಬಿಯ ಮೇಲೆ ಒಮ್ಮೊಮ್ಮೆ ಪೋಲನ್ ಫಿಲ್ಟರ್ ಎಂದೂ ಇರುತ್ತದೆ. ಮೂರೂ ಒಂದೇ.

ಬಹುತೇಕ ಕಾರುಗಳಲ್ಲಿ ಇದನ್ನು ಬದಲಿಸುವುದು ಹತ್ತು ಹದಿನೈದು ನಿಮಿಷದ ಕೆಲಸ, ಮೆಕ್ಯಾನಿಕ್ ವಿದ್ಯೆ ಏನೂ ಬೇಕಿಲ್ಲ. ಕೆಲಸ ಕೆಡುವುದು ಮೂರು ಕಡೆ: ಅವಸರದಲ್ಲಿ ಪ್ಲಾಸ್ಟಿಕ್ ಕೊಕ್ಕೆ ಮುರಿಯುತ್ತದೆ, ಫಿಲ್ಟರ್ ತಿರುಗುಮುರುಗಾಗಿ ಕೂರುತ್ತದೆ, ಇಲ್ಲವೇ ಮುಚ್ಚಳ ಅರ್ಧ ಮಾತ್ರ ಕೂತು ಉಳಿಯುತ್ತದೆ. ಆದ್ದರಿಂದ ಈ ಮೂರರ ಬಗ್ಗೆಯೇ ಇಲ್ಲಿ ಹೆಚ್ಚು ಹೇಳಿದ್ದೇನೆ.

ಯಾವ ಗಾಳಿ, ಯಾವ ಫಿಲ್ಟರ್

ಮುಂದಿನ ಗಾಜಿನ ಬುಡದಲ್ಲಿ, ವೈಪರ್‌ಗಳ ಕೆಳಗೆ, ಜಾಲರಿಯಂಥ ಪ್ಲಾಸ್ಟಿಕ್ ಪಟ್ಟಿ ಇರುತ್ತದಲ್ಲ, ಹೊರಗಿನ ಗಾಳಿ ಒಳಗೆ ಬರುವುದು ಅಲ್ಲಿಂದ. ಅದನ್ನು ಎಳೆದು ತಳ್ಳುವ ಫ್ಯಾನಿಗೆ ಬ್ಲೋವರ್ ಎಂದು ಹೆಸರು. ಬ್ಲೋವರ್ ದಾಟಿದ ಗಾಳಿ ಇವಾಪೊರೇಟರ್ ಎಂಬ ತಂಪಿನ ಕಾಯಿಲ್ ಮೂಲಕ ಹಾದು ನಿಮ್ಮ ಮುಖಕ್ಕೆ ಬರುತ್ತದೆ. ಈ ದಾರಿಗೆ ಅಡ್ಡಲಾಗಿ, ಸಾಮಾನ್ಯವಾಗಿ ಬ್ಲೋವರ್‌ಗಿಂತ ಮೊದಲು, ನಿರಿಗೆ ನಿರಿಗೆಯಾಗಿ ಮಡಿಸಿದ ಆಯತಾಕಾರದ ಫಿಲ್ಟರ್ ಕೂತಿರುತ್ತದೆ. ಧೂಳು, ಪರಾಗ, ಎಲೆಚೂರುಗಳನ್ನು ತಡೆಯುವುದು ಅದರ ಕೆಲಸ. ಅದು ಕಟ್ಟಿಕೊಂಡರೆ ಬ್ಲೋವರ್ ಎಷ್ಟು ತಿರುಗಿದರೂ ಎಳೆಯಲು ಗಾಳಿ ಸಿಗುವುದಿಲ್ಲ.

ಇಂಜಿನ್ ಉಸಿರಾಡುವ ಗಾಳಿಗೆ ಬಾನೆಟ್ ಒಳಗೆ ಬೇರೆಯೇ ಫಿಲ್ಟರ್ ಇದೆ. ಅಂಗಡಿಯಲ್ಲಿ ಬರೀ "ಏರ್ ಫಿಲ್ಟರ್ ಕೊಡಿ" ಎಂದರೆ ಕೈಗೆ ಬರುವುದು ಹೆಚ್ಚಾಗಿ ಅದೇ. ಆದ್ದರಿಂದ "ಎಸಿ ಫಿಲ್ಟರ್" ಎಂದು ಬಿಡಿಸಿ ಹೇಳಿ.

ಬದಲಿಸುವ ಹೊತ್ತು ಬಂತೆಂದು ಹೇಗೆ ಗೊತ್ತಾಗುತ್ತದೆ?

ಹಲವು ತಯಾರಕರು 15,000ರಿಂದ 20,000 ಕಿ.ಮೀ. ಅಥವಾ ವರ್ಷಕ್ಕೊಮ್ಮೆ ಎನ್ನುತ್ತಾರೆ. ನಿಮ್ಮ ಕಾರಿನ ಲೆಕ್ಕ ಮಾಲೀಕರ ಕೈಪಿಡಿಯಲ್ಲಿ ಇರುತ್ತದೆ. ಆದರೆ ಮಣ್ಣು ರಸ್ತೆಯಲ್ಲಿ, ಕಟ್ಟಡ ಕಾಮಗಾರಿಯ ಪಕ್ಕದಲ್ಲಿ ಓಡಾಡುವ ಕಾರಿಗೆ ಆ ಲೆಕ್ಕ ಸಾಲದು, ಮರದಡಿ ನಿಲ್ಲುವ ಕಾರಿಗಂತೂ ಸಾಲುವುದೇ ಇಲ್ಲ. ನನ್ನ ಮಾತು ಕೇಳುವುದಾದರೆ ಆರು ತಿಂಗಳಿಗೊಮ್ಮೆ ಹೊರಗೆಳೆದು ನೋಡಿಬಿಡಿ. ನೋಡುವುದಕ್ಕೆ ಖರ್ಚೇನೂ ಇಲ್ಲ.

ಗಾಳಿ ಕುಂದುವುದರ ಜೊತೆಗೆ ಇನ್ನೂ ಕೆಲವು ಸುಳಿವುಗಳಿವೆ. ಎಸಿ ಹಾಕಿದ ಮೊದಲ ಕ್ಷಣ ಮುಗ್ಗಲು ವಾಸನೆ ಬರಬಹುದು. ಮಳೆಗಾಲದಲ್ಲಿ ಗಾಜಿನ ಒಳಗೆ ಕಟ್ಟಿದ ಮಂಜು ಬೇಗ ಬಿಡದೆ ಸತಾಯಿಸಬಹುದು. ಈ ಎರಡನೆಯದನ್ನು ಯಾರೂ ಫಿಲ್ಟರಿಗೆ ತಳುಕು ಹಾಕುವುದಿಲ್ಲ. ಆದರೆ ಗಾಜಿನ ಮೇಲೆ ಸಾಕಷ್ಟು ಗಾಳಿ ಬೀಸದಿದ್ದರೆ ಮಂಜು ಬಿಡುವುದಾದರೂ ಹೇಗೆ?

ಕೊಳ್ಳುವಾಗ

ಅಂಗಡಿಯಲ್ಲಿ ಮುಖ್ಯವಾಗಿ ಎರಡು ಬಗೆ ಸಿಗುತ್ತವೆ. ಬಿಳಿಯ ಸಾದಾ ಫಿಲ್ಟರ್ ಧೂಳು ಮತ್ತು ಪರಾಗ ಹಿಡಿಯುತ್ತದೆ. ಬೂದು ಅಥವಾ ಕಪ್ಪು ಬಣ್ಣದ್ದರಲ್ಲಿ ಆಕ್ಟಿವೇಟೆಡ್ ಕಾರ್ಬನ್ ಇರುತ್ತದೆ, ಅಂದರೆ ಅಸಂಖ್ಯ ಸೂಕ್ಷ್ಮ ರಂಧ್ರಗಳಿರುವಂತೆ ಸಂಸ್ಕರಿಸಿದ ಇದ್ದಿಲು. ಧೂಳಿನ ಜೊತೆಗೆ ಒಂದಿಷ್ಟು ವಾಸನೆಯನ್ನೂ ಕೆಲವು ಅನಿಲಗಳನ್ನೂ ಅದು ಹಿಡಿದುಕೊಳ್ಳುತ್ತದೆ. ದಟ್ಟಣೆಯಲ್ಲಿ ಲಾರಿ ಬಸ್ಸುಗಳ ಹಿಂದೆ ದಿನವೂ ನಿಲ್ಲುವವರಿಗೆ ಕಾರ್ಬನ್ ಫಿಲ್ಟರೇ ಮೇಲು. ಒಂದು ಎಚ್ಚರಿಕೆ: ಯಾವ ಇದ್ದಿಲೂ ಕಾರ್ಬನ್ ಮೊನಾಕ್ಸೈಡನ್ನು ತಡೆಯುವುದಿಲ್ಲ. ಬಾಗಿಲು ಮುಚ್ಚಿದ ಗ್ಯಾರೇಜಿನಲ್ಲಿ ಇಂಜಿನ್ ಓಡಿಸುವುದು ಫಿಲ್ಟರ್ ಇದ್ದರೂ ಅಪಾಯವೇ.

ಈಚೆಗೆ ಡಬ್ಬಿಗಳ ಮೇಲೆ 'ಹೆಪಾ' ಎಂಬ ಪದ ಹೆಚ್ಚು ಕಾಣುತ್ತಿದೆ. 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ 99.97 ಶೇಕಡಾ ಹಿಡಿಯುವ ಫಿಲ್ಟರಿಗೆ ಆ ಹೆಸರು ಸಲ್ಲುತ್ತದೆ. ಕಾರಿನ ಆ ಪುಟ್ಟ ಜಾಗದಲ್ಲಿ ಕೂರುವ ತೆಳು ಫಿಲ್ಟರ್ ನಿಜಕ್ಕೂ ಅಷ್ಟು ಹಿಡಿಯಬೇಕಾದರೆ ಗಾಳಿಯನ್ನೂ ತಡೆದೀತು. ಸಣ್ಣ ಬ್ಲೋವರ್ ಇರುವ ಕಾರಿಗೆ ತೀರಾ ಒತ್ತಾದ ಫಿಲ್ಟರ್ ಹಾಕಿ "ಹೊಸದು ಹಾಕಿದ ಮೇಲೂ ಗಾಳಿ ಇಲ್ಲ" ಎಂದು ಗೊಣಗುವವರಿದ್ದಾರೆ.

ಅಳತೆ ವಿಷಯದಲ್ಲಿ ರಾಜಿ ಬೇಡ. ಕಾರಿನ ಮಾದರಿ, ತಯಾರಾದ ವರ್ಷ, ಪೆಟ್ರೋಲೋ ಡೀಸೆಲೋ, ಎಲ್ಲವನ್ನೂ ಹೇಳಿ ಕೊಳ್ಳಿ. ಒಂದೇ ಹೆಸರಿನ ಕಾರಾದರೂ ಹೊಸ ತಲೆಮಾರು ಬಂದಾಗ ಫಿಲ್ಟರಿನ ಅಳತೆ ಬದಲಾಗಿರುವುದುಂಟು. ಎಲ್ಲಕ್ಕಿಂತ ಸುಲಭವಾದದ್ದು ಹಳೆಯದನ್ನು ಹೊರತೆಗೆದು, ಅದರ ಅಂಚಿನ ಮೇಲಿನ ಪಾರ್ಟ್ ನಂಬರ್ ಫೋಟೋ ತೆಗೆದು ತೋರಿಸುವುದು. ಕೆಲವು ಕಾರುಗಳಲ್ಲಿ ಎರಡು ಫಿಲ್ಟರ್‌ಗಳಿರುತ್ತವೆ, ಡಬ್ಬಿಯಲ್ಲಿ ಎರಡೂ ಇವೆಯೇ ನೋಡಿಕೊಳ್ಳಿ.

"ತೊಳೆದು ಒಣಗಿಸಿ ಮತ್ತೆ ಹಾಕಬಹುದಾ?" ತೊಳೆಯಬಹುದು ಎಂದು ತಯಾರಕರೇ ಬರೆದಿದ್ದರೆ ಮಾತ್ರ. ಸಾದಾ ಫಿಲ್ಟರ್‌ಗಳ ಎಳೆಗಳಲ್ಲಿ ಸಾಮಾನ್ಯವಾಗಿ ಸ್ಥಿರ ವಿದ್ಯುತ್ತಿನ ಅಂಶ ಇರುತ್ತದೆ, ಸೂಕ್ಷ್ಮ ಧೂಳು ಅಂಟಿಕೊಳ್ಳುವುದು ಅದರಿಂದಲೇ. ನೀರಿಗೆ, ಸೋಪಿಗೆ ಸಿಕ್ಕರೆ ಆ ಗುಣ ಹೋಗುತ್ತದೆ. ನೋಡಲು ಬೆಳ್ಳಗಿದ್ದರೂ ಕೆಲಸಕ್ಕೆ ಬಾರದು. ಕಂಪ್ರೆಸರ್ ಗಾಳಿ ಹೊಡೆಸಿದರೆ ಮೇಲಿನ ಧೂಳು ಹಾರಿ ಹೋಗುತ್ತದೆ, ಎಳೆಗಳ ನಡುವೆಯೂ ತೂತು ಬೀಳುತ್ತದೆ. ಹೊಸದು ಸಿಗುವವರೆಗೆ ಮೆಲ್ಲಗೆ ಕೊಡವಿ ಎರಡು ದಿನ ದೂಡಬಹುದು, ಅಷ್ಟೇ.

ಕೈಯಲ್ಲಿ ಇರಬೇಕಾದ್ದು: ಹೊಸ ಫಿಲ್ಟರ್, ಮೊಬೈಲ್ ಟಾರ್ಚ್, ಒಂದು ಸ್ಟಾರ್ ಸ್ಕ್ರೂಡ್ರೈವರ್ (ಎಷ್ಟೋ ಕಾರುಗಳಿಗೆ ಇದೂ ಬೇಡ, ಕೆಲವಕ್ಕೆ ಆರು ಮೂಲೆಯ ಟಾರ್ಕ್ಸ್ ಬಿಟ್ ಬೇಕು), ಮಾಸ್ಕ್, ಹಳೆಯದನ್ನು ಹಾಕಲು ಪ್ಲಾಸ್ಟಿಕ್ ಚೀಲ. ವ್ಯಾಕ್ಯೂಮ್ ಕ್ಲೀನರ್ ಇದ್ದರೆ ಒಳ್ಳೆಯದು.

1. ಜಾಗ ಪತ್ತೆ ಮಾಡಿ

ಹೆಚ್ಚಿನ ಕಾರುಗಳಲ್ಲಿ ಫಿಲ್ಟರ್ ಇರುವುದು ಗ್ಲೋವ್ ಬಾಕ್ಸ್ ಹಿಂದೆ, ಅಂದರೆ ಚಾಲಕರ ಪಕ್ಕದ ಸೀಟಿನ ಎದುರಿನ ಖಾನೆಯ ಹಿಂದೆ. ಕೆಲವದರಲ್ಲಿ ಅದೇ ಖಾನೆಯ ಕೆಳಗೆ, ಕಾಲಿಡುವ ಜಾಗದಿಂದ ಕೈಗೆ ಸಿಗುತ್ತದೆ. ಇನ್ನು ಕೆಲವದರಲ್ಲಿ ಬಾನೆಟ್ ತೆರೆದು ವೈಪರ್ ಕೆಳಗಿನ ಪ್ಲಾಸ್ಟಿಕ್ ಪಟ್ಟಿಯ ಅಡಿ ಹುಡುಕಬೇಕು. ಕೈಪಿಡಿಯಲ್ಲಿ ಚಿತ್ರ ಸಮೇತ ಇದ್ದರೆ ಅದನ್ನೇ ನಂಬಿ.

ಹಳೆಯ ಅಥವಾ ಕೆಳಗಿನ ವೇರಿಯಂಟ್ ಕಾರುಗಳಲ್ಲಿ ಜಾಗ ಇದ್ದರೂ ಫಿಲ್ಟರನ್ನೇ ಹಾಕಿರದ ಸಾಧ್ಯತೆಯೂ ಉಂಟು. ತೆರೆದಾಗ ಖಾಲಿ ಇದ್ದರೆ ಗಾಬರಿ ಬೇಡ. ಸರಿಯಾದ ಅಳತೆಯದು ಸಿಕ್ಕರೆ ಹಾಕಿಕೊಳ್ಳಬಹುದು.

2. ಇಂಜಿನ್ ಆರಿಸಿ, ಖಾನೆ ಖಾಲಿ ಮಾಡಿ

ಕೀಲಿ ತೆಗೆಯಿರಿ. ಬಟನ್ ಸ್ಟಾರ್ಟ್ ಕಾರಾದರೆ ಪೂರ್ತಿ ಆಫ್ ಮಾಡಿ. ಫಿಲ್ಟರ್ ಹೊರಗಿರುವಾಗ ಬ್ಲೋವರ್ ತಿರುಗಬಾರದು. ಒಂದು ಒಣಗಿದ ಎಲೆ ಒಳಗೆ ಬಿದ್ದರೂ ಆಮೇಲೆ ಡ್ಯಾಶ್‌ಬೋರ್ಡಿನಿಂದ ಟರ್ರ್ ಎಂಬ ಸದ್ದು ಶುರುವಾಗುತ್ತದೆ, ತೆಗೆಸಲು ಬ್ಲೋವರನ್ನೇ ಬಿಚ್ಚಬೇಕಾಗಬಹುದು. ಪಕ್ಕದ ಸೀಟನ್ನು ಹಿಂದಕ್ಕೆ ಸರಿಸಿ, ಬಾಗಿಲು ಪೂರ್ತಿ ತೆರೆದು ನೆಲಕ್ಕೆ ಕೂತು ಕೆಲಸ ಮಾಡಿ. ಸೀಟಿನ ಮೇಲೆ ಕೂತು ಬಗ್ಗಿ ನೋಡಿದರೆ ಕಾಣಬೇಕಾದ್ದು ಕಾಣುವುದಿಲ್ಲ.

3. ಗ್ಲೋವ್ ಬಾಕ್ಸ್ ಇಳಿಸಿ

ಹೆಚ್ಚು ಪ್ಲಾಸ್ಟಿಕ್ ಮುರಿಯುವುದು ಇಲ್ಲೇ. ಮುಚ್ಚಳ ತೆರೆದು ಬದಿಗಳನ್ನು ನೋಡಿ. ಒಂದು ಬದಿಯಲ್ಲಿ ಸಣ್ಣ ದಾರ ಅಥವಾ ಕಡ್ಡಿಯಂಥದ್ದು ಇರಬಹುದು. ಅದು ಡ್ಯಾಂಪರ್, ಖಾನೆ ದಬಕ್ಕನೆ ಬೀಳದೆ ಮೆಲ್ಲಗೆ ತೆರೆಯಲಿ ಎಂದು ಇಟ್ಟದ್ದು. ಮೊದಲು ಅದರ ಕೊಕ್ಕೆಯನ್ನು ಮೊಳೆಯಿಂದ ಪಕ್ಕಕ್ಕೆ ಜಾರಿಸಿ ಬಿಡಿಸಿ. ಇದನ್ನು ನೋಡದೆ ಖಾನೆ ಎಳೆದವರ ಕೈಯಲ್ಲಿ ಕೊಕ್ಕೆ ತುಂಡಾಗಿ ಬಂದಿರುತ್ತದೆ.

ಆಮೇಲೆ ಖಾನೆಯ ಎರಡೂ ಗೋಡೆಗಳನ್ನು ಎರಡು ಅಂಗೈಗಳಿಂದ ಒಳಮುಖವಾಗಿ ಒತ್ತಿ. ಗೋಡೆ ತುಸು ಬಾಗಿದಾಗ ಹಿಂಬದಿಯ ಎರಡು ತಡೆಗೂಟಗಳು ಡ್ಯಾಶ್‌ಬೋರ್ಡಿನ ಅಂಚು ದಾಟುತ್ತವೆ, ಖಾನೆ ಪೂರ್ತಿ ಕೆಳಕ್ಕೆ ಜೋತುಬೀಳುತ್ತದೆ. ಒಂದು ಬದಿ ಬಂತು, ಇನ್ನೊಂದು ಬರಲಿಲ್ಲ ಎಂದರೆ ಬಂದದ್ದನ್ನು ಹಾಗೇ ಹಿಡಿದು ಇನ್ನೊಂದನ್ನು ಒತ್ತಿ. ಬಿಸಿಲಲ್ಲಿ ಸ್ವಲ್ಪ ಹೊತ್ತು ನಿಂತ ಕಾರಿನ ಪ್ಲಾಸ್ಟಿಕ್ ಹೆಚ್ಚು ಬಾಗುತ್ತದೆ, ಚಳಿಗೆ ಪೆಡಸಾಗಿರುತ್ತದೆ. ಕೆಲವು ಕಾರುಗಳಲ್ಲಿ ಖಾನೆಗೆ ಸ್ಕ್ರೂಗಳಿರುತ್ತವೆ, ಒಂದೆರಡು ಒಳಗೆ ಮೇಲ್ಗಡೆ, ಒಂದೆರಡು ಕೆಳಗೆ. ಎಲ್ಲ ಬಿಚ್ಚಿದ ಮೇಲೂ ಖಾನೆ ಬಿಗಿಯಾಗಿದ್ದರೆ ನಿಮ್ಮ ಕಣ್ಣಿಗೆ ಬೀಳದ ಇನ್ನೊಂದು ಸ್ಕ್ರೂ ಎಲ್ಲೋ ಇದೆ ಎಂದೇ ಅರ್ಥ. ಎಳೆಯಬೇಡಿ, ಹುಡುಕಿ. ಖಾನೆಯೊಳಗೆ ದೀಪ ಇದ್ದರೆ ಅದರ ತಂತಿ ಸೆಳೆಯದಂತೆ ನೋಡಿಕೊಳ್ಳಿ.

ಇನ್ನೊಂದು ಮಾತು. ಈ ಜಾಗದ ಮೇಲ್ಗಡೆಯೇ ಪಕ್ಕದ ಸೀಟಿನವರ ಏರ್‌ಬ್ಯಾಗ್ ಇರುತ್ತದೆ. ಹಳದಿ ಬಣ್ಣದ ತಂತಿ ಅಥವಾ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗಿನದು ಎಂದುಕೊಂಡು ಮುಟ್ಟದೆ ಬಿಡಿ. ಫಿಲ್ಟರ್ ಕೆಲಸಕ್ಕೆ ಯಾವ ತಂತಿಯನ್ನೂ ಬಿಚ್ಚುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ.

4. ಮುಚ್ಚಳ ತೆಗೆದು ಹಳೆಯದನ್ನು ಎಳೆಯಿರಿ

ಈಗ ಟಾರ್ಚ್ ಬಿಟ್ಟರೆ ಒಳಗೆ ಕಪ್ಪು ಪೆಟ್ಟಿಗೆಯೂ ಅದರ ಮೇಲೆ ಅಂಗೈ ಅಗಲದ ಉದ್ದನೆ ಮುಚ್ಚಳವೂ ಕಾಣುತ್ತವೆ. ಎರಡು ತುದಿಗಳಲ್ಲೂ ಲಾಕ್ ಇರುತ್ತದೆ. ಎರಡನ್ನೂ ಒಟ್ಟಿಗೆ ಚಿವುಟಿದಂತೆ ಒತ್ತಿ ಎಳೆದರೆ ಬರುತ್ತದೆ. ಕೆಲವದರಲ್ಲಿ ಒಂದೇ ಕಡೆ ಲಾಕ್ ಇದ್ದು ಇನ್ನೊಂದು ತುದಿ ಸಂದಿನಲ್ಲಿ ಸಿಕ್ಕಿಸಿರುತ್ತದೆ.

ಫಿಲ್ಟರ್ ಎಳೆಯುವ ಮುನ್ನ ಒಂದು ಫೋಟೋ ತೆಗೆಯಿರಿ. ಎಳೆಯುವಾಗ ಮಟ್ಟಸವಾಗಿ, ಓರೆ ಮಾಡದೆ, ನಿಧಾನಕ್ಕೆ ಎಳೆಯಿರಿ. ನಿರಿಗೆಗಳಲ್ಲಿ ತುಂಬಿರುವ ಎಲೆಚೂರು, ಸತ್ತ ಹುಳ, ಮರಳು ಎಲ್ಲ ಬ್ಲೋವರ್ ಬಾಯಿಗೆ ಸುರಿಯಬಾರದಲ್ಲ. ಮುಖ ದೂರ ಇರಲಿ, ಮಾಸ್ಕ್ ಇರಲಿ.

ಹಳೆಯದನ್ನು ಒಡನೆ ಚೀಲಕ್ಕೆ ಹಾಕಬೇಡಿ, ತಿರುಗಿಸಿ ನೋಡಿ. ಒಂದು ಮುಖ ಬೂದಿ ಬಳಿದಂತೆ ಕಪ್ಪಗಿರುತ್ತದೆ, ಇನ್ನೊಂದು ಹೆಚ್ಚುಕಡಿಮೆ ಬಿಳಿ. ಕೊಳಕಾದ ಮುಖ ಗಾಳಿ ಬಂದು ಬಡಿಯುತ್ತಿದ್ದ ಕಡೆ. ಅದು ಪೆಟ್ಟಿಗೆಯೊಳಗೆ ಮೇಲಕ್ಕಿತ್ತೇ ಕೆಳಕ್ಕಿತ್ತೇ ಎಂದು ನೆನಪಿಟ್ಟುಕೊಳ್ಳಿ. ಮುಂದಿನ ಹಂತದ ಉತ್ತರ ಅದರಲ್ಲೇ ಇದೆ. ಫಿಲ್ಟರ್ ಒದ್ದೆಯಾಗಿದ್ದರೆ, ನೀರಿನ ಕಲೆಗಳಿದ್ದರೆ ಗಾಜಿನ ಬುಡದಲ್ಲಿ ನೀರು ಹರಿದುಹೋಗುವ ದಾರಿ ಕಸದಿಂದ ಕಟ್ಟಿರಬಹುದು. ಅದನ್ನು ಸರಿಪಡಿಸದೆ ಹೊಸದು ಹಾಕಿದರೆ ಅದಕ್ಕೂ ಅದೇ ಗತಿ.

5. ಒಳಗೆ ಶುಚಿ ಮಾಡಿ

ಬೆರಳಿಗೆ ಸಿಗುವ ಎಲೆ, ಕಡ್ಡಿ ಹೆಕ್ಕಿ ತೆಗೆಯಿರಿ. ಉಳಿದ ಧೂಳನ್ನು ವ್ಯಾಕ್ಯೂಮಿನಿಂದ ಎಳೆಯಿರಿ ಅಥವಾ ತುಸು ತೇವದ ಬಟ್ಟೆಯಿಂದ ಒರೆಸಿ. ನೀರು ಸಿಂಪಡಿಸಬೇಡಿ, ಕೆಳಗೆ ಬ್ಲೋವರ್ ಮೋಟಾರಿದೆ.

ಇಲಿ ಹಿಕ್ಕೆ, ಗೂಡು ಕಂಡರೆ ಬೇರೆ ರೀತಿ ನಡೆದುಕೊಳ್ಳಬೇಕು. ಬಹಳ ದಿನ ನಿಂತ ಕಾರಿನಲ್ಲಿ ಇದು ಅಪರೂಪವೇನಲ್ಲ. ಒಣ ಹಿಕ್ಕೆಯನ್ನು ಗುಡಿಸಬೇಡಿ, ಗಾಳಿ ಹೊಡೆಯಬೇಡಿ, ವ್ಯಾಕ್ಯೂಮೂ ಹಚ್ಚಬೇಡಿ. ಅದರ ಪುಡಿ ಉಸಿರಿಗೆ ಸೇರಿದರೆ ರೋಗ ಬರಬಹುದು. ಕೈಗವಸು, ಮಾಸ್ಕ್ ಹಾಕಿ, ಸೋಂಕುನಿವಾರಕ (ಡಿಸ್‌ಇನ್ಫೆಕ್ಟೆಂಟ್) ದ್ರಾವಣದಲ್ಲಿ ಅದ್ದಿದ ಬಟ್ಟೆಯಿಂದ ತೇವಗೊಳಿಸಿ ಒರೆಸಿ ತೆಗೆಯಿರಿ. ಗೂಡು ಬ್ಲೋವರಿನ ಒಳಗೇ ಇದ್ದರೆ ಮೆಕ್ಯಾನಿಕ್ ಬಳಿಗೆ ಹೋಗುವುದೇ ವಾಸಿ.

6. ಬಾಣದ ಗುರುತು ನೋಡಿ ಹೊಸದು ಕೂರಿಸಿ

ಹೆಚ್ಚಿನ ಪ್ರಶ್ನೆಗಳು ಬರುವುದು ಈ ಬಾಣದ ಬಗ್ಗೆ. ಹೊಸ ಫಿಲ್ಟರಿನ ಅಂಚಿನಲ್ಲಿ ಒಂದು ಬಾಣ ಇರುತ್ತದೆ. ಅದರ ಪಕ್ಕದಲ್ಲಿ ಏನು ಬರೆದಿದೆ ಎಂಬುದನ್ನು ಮೊದಲು ಓದಿ. 'ಏರ್ ಫ್ಲೋ' ಎಂದಿದ್ದರೆ ಬಾಣ ತೋರಿಸುವುದು ಗಾಳಿ ಹರಿಯುವ ದಿಕ್ಕನ್ನು. 'ಅಪ್' ಎಂದಿದ್ದರೆ ಆ ಬಾಣ ಮೇಲಕ್ಕಿರಬೇಕು ಎಂದಷ್ಟೇ ಅರ್ಥ, ಗಾಳಿಗೂ ಅದಕ್ಕೂ ಸಂಬಂಧವಿಲ್ಲ. ಈ ಎರಡನ್ನು ಕಲಸಿಕೊಂಡವರೇ ತಿರುಗುಮುರುಗಾಗಿ ಹಾಕುವುದು.

ಗ್ಲೋವ್ ಬಾಕ್ಸ್ ಹಿಂದೆ ಫಿಲ್ಟರ್ ಮಲಗಿದಂತೆ ಕೂರುವ ಬಹಳಷ್ಟು ಕಾರುಗಳಲ್ಲಿ ಬ್ಲೋವರ್ ಅದರ ಕೆಳಗಿರುತ್ತದೆ. ಆಗ ಗಾಳಿ ಮೇಲಿನಿಂದ ಕೆಳಕ್ಕೆ ಹರಿಯುತ್ತದೆ, 'ಏರ್ ಫ್ಲೋ' ಬಾಣ ಕೆಳಕ್ಕೆ ನೋಡಬೇಕು. ಎಲ್ಲ ಕಾರುಗಳೂ ಹೀಗೆಯೇ ಅಲ್ಲ, ಕೆಲವದರಲ್ಲಿ ಫಿಲ್ಟರ್ ನಿಂತಂತೆ ಇದ್ದು ಗಾಳಿ ಅಡ್ಡಡ್ಡ ಹಾಯುತ್ತದೆ. ಅನುಮಾನವಿದ್ದರೆ ಹಳೆ ಫಿಲ್ಟರಿನ ಕೊಳಕನ್ನು ಕೇಳಿ: ಬಾಣ ಕೊಳಕು ಮುಖದಿಂದ ಬಿಳಿ ಮುಖದ ಕಡೆಗೆ ಹೋಗಬೇಕು. ಹಳೆಯದರ ಬಾಣವನ್ನು ಮಾತ್ರ ನಕಲು ಮಾಡಬೇಡಿ. ಹಿಂದೆ ಹಾಕಿದವರು ತಪ್ಪಾಗಿ ಹಾಕಿದ್ದರೆ ಬಾಣ ಸುಳ್ಳು ಹೇಳುತ್ತದೆ, ಧೂಳು ಹೇಳುವುದಿಲ್ಲ.

ತಿರುಗುಮುರುಗಾದರೆ ಕಾರಿಗೇನೂ ಆಗುವುದಿಲ್ಲ. ಆದರೆ ಹಲವು ಫಿಲ್ಟರ್‌ಗಳಲ್ಲಿ ದಪ್ಪ ಧೂಳು ಹಿಡಿಯುವ ಪದರ ಮೊದಲು, ಸೂಕ್ಷ್ಮ ಪದರ ಆಮೇಲೆ ಎಂಬ ಕ್ರಮ ಇರುತ್ತದೆ. ತಿರುಗಿಸಿ ಹಾಕಿದರೆ ಸೂಕ್ಷ್ಮ ಪದರವೇ ಮೊದಲು ಕಟ್ಟಿಕೊಂಡು ಬೇಗ ಗಾಳಿ ಕುಂದುತ್ತದೆ.

ಕೂರಿಸುವ ಮುನ್ನ ಅಂಚಿನ ಮೇಲೆ ಪೆನ್ನಿನಿಂದ ದಿನಾಂಕ, ಓಡಿದ ಕಿಲೋಮೀಟರ್ ಬರೆದುಬಿಡಿ. ಆಮೇಲೆ ಮಟ್ಟಸವಾಗಿ ಒಳಕ್ಕೆ ತಳ್ಳಿ. ಚೌಕಟ್ಟು ಮೆತ್ತಗಿರುವ ಫಿಲ್ಟರನ್ನು ತುಸು ಬಾಗಿಸಿ ಸೇರಿಸಬಹುದು, ನಿರಿಗೆಗಳು ಮಾತ್ರ ಜಜ್ಜಿಹೋಗಬಾರದು. ಅರ್ಧಕ್ಕೆ ನಿಂತರೆ ಹೊರತೆಗೆದು ಅಳತೆ ಹೋಲಿಸಿ. ಗುದ್ದಿ ಕೂರಿಸಿದ ಫಿಲ್ಟರಿನ ಮೂಲೆ ಮಡಚಿಕೊಂಡಿರುತ್ತದೆ, ಧೂಳು ಆ ಸಂದಿನಿಂದಲೇ ಒಳಗೆ ಬರುತ್ತದೆ. ಸಡಿಲವಾಗಿ ಅಲ್ಲಾಡುವ ಫಿಲ್ಟರಿಗೂ ಇದೇ ಮಾತು.

7. ಮುಚ್ಚಿ, ಪರೀಕ್ಷಿಸಿ

ಮುಚ್ಚಳದ ಎರಡೂ ತುದಿಗಳಿಂದ ಟಕ್ ಎಂಬ ಸದ್ದು ಬರಬೇಕು. ಒಂದೇ ಕೇಳಿತು ಎಂದರೆ ಇನ್ನೊಂದು ಕೂತಿಲ್ಲ. ಬೆರಳಿನಿಂದ ಅಂಚು ಸವರಿ, ಎಲ್ಲ ಕಡೆ ಒಂದೇ ಮಟ್ಟ ಇದೆಯೇ ನೋಡಿ. ಬಳಿಕ ಖಾನೆಯ ಗೋಡೆಗಳನ್ನು ಒತ್ತಿ ಮೇಲಕ್ಕೆತ್ತಿ, ಡ್ಯಾಂಪರ್ ಕೊಕ್ಕೆ ಮತ್ತೆ ಸಿಕ್ಕಿಸಿ.

ಖಾನೆಗೆ ಸಾಮಾನು ತುಂಬುವ ಮೊದಲು ಇಂಜಿನ್ ಹಚ್ಚಿ ಫ್ಯಾನನ್ನು ಒಂದರಿಂದ ಕೊನೆಯವರೆಗೆ ಏರಿಸಿ. ಸಿಳ್ಳೆಯಂಥ ಸದ್ದು ಬಂದರೆ ಮುಚ್ಚಳ ಸರಿಯಾಗಿ ಕೂತಿಲ್ಲ. ಟಕಟಕ ಎಂದರೆ ಬ್ಲೋವರಿಗೆ ಏನೋ ಸಿಕ್ಕಿದೆ, ಕೂಡಲೇ ಆರಿಸಿ.

ಫಿಲ್ಟರ್ ಬಾನೆಟ್ ಕಡೆ ಇದ್ದರೆ

ಕ್ರಮ ಇದೇ, ಎಚ್ಚರಿಕೆ ಬೇರೆ. ಇಂಜಿನ್ ತಣ್ಣಗಾಗಲಿ. ಪ್ಲಾಸ್ಟಿಕ್ ಪಟ್ಟಿಯ ಮೇಲಿನ ರಬ್ಬರ್ ಬೀಡಿಂಗ್ ಎಳೆದು, ಕ್ಲಿಪ್‌ಗಳನ್ನು ಬಿಡಿಸಿದರೆ ಫಿಲ್ಟರಿನ ಮುಚ್ಚಳ ಸಿಗುತ್ತದೆ. ಸುತ್ತಲಿನ ಎಲೆಗಳನ್ನು ಮುಚ್ಚಳ ತೆಗೆಯುವ ಮೊದಲೇ ಗುಡಿಸಿ, ಆಮೇಲೆ ಗುಡಿಸಿದರೆ ಎಲ್ಲ ಒಳಗೇ ಬೀಳುತ್ತದೆ. ಮುಚ್ಚುವಾಗ ಬೀಡಿಂಗ್ ಸರಿಯಾಗಿ ಕೂರದಿದ್ದರೆ ಮಳೆನೀರು ಇಳಿದು ಫಿಲ್ಟರ್ ತೊಯ್ಯುತ್ತದೆ. ಇಂಥ ಕಾರುಗಳಲ್ಲಿ ಸಾಮಾನ್ಯವಾಗಿ ಹೊರಗಿನಿಂದ ಬರುವ ಗಾಳಿ ಮಾತ್ರ ಸೋಸಿ ಬರುತ್ತದೆ. ಒಳಗಿನ ಗಾಳಿಯನ್ನೇ ಸುತ್ತಿಸುವ ರೀಸರ್ಕ್ಯುಲೇಶನ್ ಬಟನ್ ಒತ್ತಿದರೆ ಆ ಗಾಳಿ ಫಿಲ್ಟರಿಗೆ ತಾಗುವುದಿಲ್ಲ. ಗ್ಲೋವ್ ಬಾಕ್ಸ್ ಹಿಂದಿನ ಫಿಲ್ಟರ್‌ಗಳಲ್ಲಿ ಹೆಚ್ಚಿನವು ಎರಡನ್ನೂ ಸೋಸುತ್ತವೆ.

ಬದಲಿಸಿದ ಮೇಲೂ ಸರಿಹೋಗದಿದ್ದರೆ

ಮುಗ್ಗಲು ವಾಸನೆ ಹೋಗಲಿಲ್ಲವೆಂದರೆ ಬೂಷ್ಟು ಇರುವುದು ಇವಾಪೊರೇಟರಿನ ಮೇಲೆ. ಎಸಿ ಓಡುವಾಗ ಆ ಕಾಯಿಲ್ ಸದಾ ಒದ್ದೆ. ಊರು ತಲುಪಲು ನಾಲ್ಕೈದು ನಿಮಿಷ ಇರುವಾಗ ಎಸಿ ಬಟನ್ ಆರಿಸಿ ಫ್ಯಾನ್ ಮಾತ್ರ ಓಡಿಸಿದರೆ ಅದು ಒಂದಿಷ್ಟು ಒಣಗುತ್ತದೆ. ಈಗಾಗಲೇ ಬೂಷ್ಟು ಹಿಡಿದಿದ್ದರೆ ಕಾಯಿಲ್ ಶುಚಿ ಮಾಡಿಸಬೇಕು, ಸುಗಂಧದ ಡಬ್ಬಿ ನೇತುಹಾಕಿ ಫಲವಿಲ್ಲ.

ಫ್ಯಾನ್ ಕೊನೆಯ ವೇಗದಲ್ಲಿ ಮಾತ್ರ ತಿರುಗುತ್ತದೆ, ಉಳಿದವಕ್ಕೆ ಜಪ್ಪಯ್ಯ ಅನ್ನುವುದಿಲ್ಲ ಎಂದರೆ ಕೆಟ್ಟಿರುವುದು ಬ್ಲೋವರ್ ರೆಸಿಸ್ಟರ್, ಅಂದರೆ ಫ್ಯಾನಿನ ವೇಗ ತಗ್ಗಿಸುವ ಸಣ್ಣ ಭಾಗ. ಹೊರಟಾಗ ಚೆನ್ನಾಗಿದ್ದ ಗಾಳಿ ಅರ್ಧ ಗಂಟೆಯಲ್ಲಿ ಕುಂದಿ, ಎಸಿ ಆರಿಸಿ ಸ್ವಲ್ಪ ಹೊತ್ತಿಗೆ ಮರಳಿದರೆ ಕಾಯಿಲ್ ಮೇಲೆ ಐಸ್ ಕಟ್ಟುತ್ತಿದೆ. ಗ್ಯಾಸ್ ಕಡಿಮೆಯಾಗಿ ಗಾಳಿಯೂ ಕಡಿಮೆಯಾಗುವುದು ಈ ಸಂದರ್ಭದಲ್ಲಿ. ಆಗ ಗ್ಯಾಸ್ ಒತ್ತಡ ನೋಡಿಸಿ. ಪಕ್ಕದ ಸೀಟಿನ ಕಾಲಡಿ ಮ್ಯಾಟ್ ಒದ್ದೆಯಾಗಿದ್ದರೆ ಎಸಿ ನೀರು ಹೊರಹೋಗುವ ಪೈಪ್ ಕಟ್ಟಿರಬಹುದು. ಸಿಹಿ ವಾಸನೆ ಬಂದು ಗಾಜಿನ ಒಳಗೆ ಜಿಡ್ಡಿನಂಥ ಮಂಜು ಕೂರುತ್ತಿದ್ದರೆ ಹೀಟರಿನಿಂದ ಕೂಲೆಂಟ್, ಅಂದರೆ ಇಂಜಿನ್ ತಂಪಾಗಿಸುವ ದ್ರವ, ಸೋರುತ್ತಿರುವ ಸಂಭವ ಹೆಚ್ಚು, ತಡಮಾಡದೆ ತೋರಿಸಿ. ಸೈಲೆನ್ಸರ್ ಹೊಗೆಯ ವಾಸನೆ ಕಾರಿನೊಳಗೆ ಬರುತ್ತಿದ್ದರಂತೂ ಕಿಟಕಿ ಇಳಿಸಿ, ಗಾಡಿ ನಿಲ್ಲಿಸಿ, ಮೆಕ್ಯಾನಿಕ್ ನೋಡುವವರೆಗೆ ಮತ್ತೆ ಹತ್ತಬೇಡಿ.